ಅಕ್ಕಸಾಲಿಯ ಕತ್ತು ಮತ್ತು ಒಂದು ಸಿಂಬಿ

ನಮ್ಮ ಮನೆಯ ಪಡಸಾಲೆಯಲ್ಲಿ, ನಾನು ಅಗ್ಗಿಷ್ಟಿಕೆ ಹೂಡಿಕೊಂಡು ಕೂರುವ ಜಾಗಕ್ಕೆ ನೇರ ಎದುರಿಗೆ, ಗೋಡೆಯ ಗೂಟವೊಂದರಲ್ಲಿ ಸಿಂಬಿ ತೂಗುತ್ತಿರುತ್ತದೆ. ಹೆಂಗಸರು ನೀರಿನ ಕೊಡ ಹೊರುವಾಗ ಕೊಡಕ್ಕೂ ನೆತ್ತಿಗೂ ನಡುವೆ ಇಟ್ಟುಕೊಳ್ಳುವ ಆ ಬಟ್ಟೆಯ ಸುರುಳಿಯನ್ನು ನೀವು ನೋಡದೆ ಇರಲಾರಿರಿ. ಆದರೆ ಅದರ ಸ್ವಸ್ಥಾನ ಬಚ್ಚಲ ಬಾಗಿಲೋ ಹಿತ್ತಿಲ ಗೋಡೆಯೋ ಆಗಿರುತ್ತದೆಯೇ ಹೊರತು, ಚಿಮಟ, ಊದುಗೊಳವೆ, ಅಚ್ಚು, ಅರಗಳ ಸಂಸಾರ ಹರಡಿಕೊಂಡಿರುವ ಅಕ್ಕಸಾಲಿಯ ಪಡಸಾಲೆಯಲ್ಲ. ಓಲೆ ತಿದ್ದಿಸಲು ಬಂದವರು, ಕಾಲುಂಗುರ ಬಿಗಿಸಲು ಬಂದವರು, ಏನೂ ಕೆಲಸವಿಲ್ಲದೆ ನಾಲ್ಕು ಮಾತಾಡಿ ಹೋಗಲು ಬಂದವರು, ಎಲ್ಲರೂ ಒಮ್ಮೆ ಅದರ ಕಡೆ ನೋಡುತ್ತಾರೆ, ಆಮೇಲೆ ನನ್ನ ಕಡೆ ನೋಡುತ್ತಾರೆ. "ಮನೆಯೋರ್ದಾ?" ಎಂದು ಕೇಳುತ್ತಾರೆ. "ನನ್ನದು" ಎನ್ನುತ್ತೇನೆ. ಅವರು ಇನ್ನೊಮ್ಮೆ ಸಿಂಬಿಯ ಕಡೆ ನೋಡಿಯೇ ಕೆಲಸದ ಮಾತಿಗೆ ಬರುತ್ತಾರೆ. ಹಳೆಯ ಕೆಂಪು ಸೀರೆಯ ಬಟ್ಟೆ ಸುತ್ತಿದ ಸಿಂಬಿ ಅದು. ಒಂದು ಕಡೆ ಮಾತ್ರ ಬಟ್ಟೆ ಸವೆದು ಒಳಗಿನಿಂದ ಜರಿಯ ಎಳೆಯೊಂದು ಇಣುಕುತ್ತದೆ.

ಸಿಂಬಿ ನನ್ನದಾದ ಬಗೆಯನ್ನು ಹೇಳುವ ಮೊದಲು, ಮಿತ್ರರೇ, ನನ್ನ ಕತ್ತಿನ ಪರಿಚಯ ಮಾಡಿಕೊಡಬೇಕು. ನಾನು ಕೃಷ್ಣರಾಜಪೇಟೆಯ ಅಕ್ಕಸಾಲಿ ಲಿಂಗಾಚಾರಿ. ನಮ್ಮದು ತಲೆ ತಗ್ಗಿಸುವ ಕಸುಬು. ಇದರಲ್ಲಿ ಅವಮಾನವೇನೂ ಇಲ್ಲ. ಕಮ್ಮಾರ ನಿಂತು ಬಡಿಯುತ್ತಾನೆ, ಬಡಗಿ ಬಗ್ಗಿ ಉಜ್ಜುತ್ತಾನೆ, ಅಕ್ಕಸಾಲಿಯಾದರೋ ಗದ್ದವನ್ನು ಎದೆಗೆ ಒತ್ತಿಕೊಂಡು ಎಳ್ಳಿನಷ್ಟು ಲೋಹದಲ್ಲಿ ಎಳ್ಳಿನ ಅರ್ಧದಷ್ಟು ಕುಸುರಿಯನ್ನು ಹುಡುಕುತ್ತ ಆಯುಷ್ಯ ಕಳೆಯುತ್ತಾನೆ. ನಮ್ಮ ತಂದೆ ತೀರಿಕೊಳ್ಳುವ ಹೊತ್ತಿಗೆ ಅವರ ದೃಷ್ಟಿ ಎದುರಿಗೆ ನಿಂತವರ ಮೊಣಕಾಲಿನಿಂದ ಮೇಲಕ್ಕೆ ಏರುತ್ತಿರಲಿಲ್ಲ. ಮನೆಗೆ ಬಂದವರನ್ನು ಅವರು ಮೆಟ್ಟಿನಿಂದಲೇ ಗುರುತಿಸುತ್ತಿದ್ದರು. ಆದರೂ ಕತ್ತನ್ನು ಕುರಿತು ನಮ್ಮ ವಂಶದಲ್ಲಿ ಯಾರೂ ಒಂದು ಮಾತನ್ನೂ ಆಡಿದವರಲ್ಲ. ಊರಿನವರ ಕೊರಳಿಗೆ ಅಡ್ಡಿಕೆ, ಸರ, ತಾಳಿ, ಪದಕ ಎಂದು ನಾನಾ ವಿಧವಾಗಿ ಸಿಂಗಾರ ಮಾಡುವವರಿಗೆ, ಆ ಕೊರಳಿನ ಹಿಂಭಾಗದಲ್ಲಿ ಕತ್ತು ಎಂಬುದೊಂದಿದೆ, ಅದು ದುಡಿಯುತ್ತಿದೆ ಎಂಬ ಯೋಚನೆಯೇ ಬರಲಿಲ್ಲ.

ಮಾಘಮಾಸದ ಒಂದು ಬೆಳಿಗ್ಗೆ ನನ್ನ ಹೆಂಡತಿ ಕಾಳಮ್ಮ ತನ್ನ ತಾಳಿಯನ್ನು ನನ್ನ ಮುಂದೆ ಹಿಡಿದಳು. ಬೊಟ್ಟಿನ ಕೊಂಡಿ ಸವೆದು ದಾರದಷ್ಟು ತೆಳುವಾಗಿತ್ತು. ಇವತ್ತೋ ನಾಳೆಯೋ ಕಳಚಿ ಬಾವಿಗೆ ಬೀಳುವಂತಿತ್ತು. ಅವಳು ಹೇಳಿದ್ದು ಅದೇ ಮೊದಲಲ್ಲ. ಹೋದ ದಸರೆಯಿಂದಲೂ ಹೇಳುತ್ತಿದ್ದಳು, ನಾನು ಪ್ರತಿಸಲವೂ ಊರವರ ಕೆಲಸ ಮೊದಲೆಂದು ಮುಂದಕ್ಕೆ ಹಾಕುತ್ತಿದ್ದೆ. ಅವತ್ತು ಅವಳೇ ತಾಳಿಯನ್ನು ಬಿಚ್ಚಿ ನನ್ನ ಕೈಗಿಟ್ಟು, ಕೊರಳು ಬರಿದಾಗಿರಬಾರದೆಂಬ ನಮ್ಮ ಕಡೆಯ ಪದ್ಧತಿಯಂತೆ, ಅರಿಶಿನದ ಕೊಂಬೊಂದನ್ನು ದಾರಕ್ಕೆ ಬಿಗಿದು ನನ್ನ ಮುಂದೆ ಕೂತಳು. ನಾನು ಅದನ್ನು ಅವಳ ಕೊರಳಿಗೆ ಕಟ್ಟಿದೆ. "ಸಂಜೆಗೆ ಕೊಡ್ತೀನಿ" ಎಂದೆ. ಅರ್ಧ ಗಳಿಗೆಯ ಕೆಲಸ, ಸುಳ್ಳು ಹೇಳುವ ಉದ್ದೇಶವೇನೂ ನನಗಿರಲಿಲ್ಲ.

ಆದರೆ ಅವತ್ತೇ ಸಿಂಧಘಟ್ಟಕ್ಕೆ ಹೋಗಬೇಕಾಗಿತ್ತು. ಅಲ್ಲಿಯ ಊರಮ್ಮನಿಗೆ ಬೆಳ್ಳಿಯ ಕಣ್ಣು ಮಾಡಿಕೊಡುವ ಕೆಲಸ ನನಗೆ ಬಂದಿತ್ತು, ಮಾಡಿ ಮುಗಿಸಿದ್ದೆ; ಆತ್ಮಪ್ರಶಂಸೆ ಎನ್ನದಿದ್ದರೆ ಹೇಳುತ್ತೇನೆ, ಕಣ್ಣು ಚೆನ್ನಾಗಿಯೇ ಬಂದಿದ್ದವು. ದೇವರಿಗೆ ಏರಿಸಿ ನೋಡಿದ ಊರಿನ ಗೌಡರು, ಅಮ್ಮ ತಮ್ಮನ್ನೇ ಗುರುತು ಹಿಡಿದು ನೋಡುತ್ತಿದ್ದಾಳೆ ಎಂದು ಸಂತೋಷಪಟ್ಟು, ಮನೆಗೆ ಕರೆದೊಯ್ದು, ಎಲೆ ಅಡಿಕೆಯ ಜೊತೆಗೆ ಒಂದು ಜರಿಯ ಪೇಟವನ್ನು ನನ್ನ ತಲೆಗೆ ತಾವೇ ಸುತ್ತಿದರು. ನಲವತ್ತು ವರ್ಷದ ನನ್ನ ತಲೆಗೆ ಅದು ಮೊದಲನೆಯ ಜರಿ. ಹಿಡಿ ಅಗಲದ ಅಂಚು, ಹೊಂಬಣ್ಣದ ಸೆರಗು. ಕನ್ನಡಿಯಿಲ್ಲದ ಕಾರಣ ಗೌಡರ ಹಿತ್ತಾಳೆ ಚೆಂಬಿನಲ್ಲಿ ನೋಡಿಕೊಂಡೆ. ಚೆಂಬು ಮುಖವನ್ನು ಅಗಲ ಮಾಡಿ ತೋರಿಸಿದರೂ ಪೇಟದ ಅಂದಕ್ಕೆ ಕುಂದು ಮಾಡಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಅಕ್ಕಸಾಲಿಯಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಗೌಡರ ಮನೆಯ ತಲೆಬಾಗಿಲು ಹಳೆಯ ಕಾಲದ್ದು, ಗಿಡ್ಡ. ಬರುವಾಗ ಬಗ್ಗಿ ಬಂದಿದ್ದೆ. ಹೊರಡುವಾಗ ನನಗೆ ಬಂದ ಚಿಂತೆಯೆಂದರೆ, ಮೇಲಿನ ಪಟ್ಟಿಗೆ ತಗುಲಿ ಜರಿ ನಲುಗೀತಲ್ಲಾ ಎಂಬುದು. ಆದ್ದರಿಂದ ಪೇಟವನ್ನು ಸುತ್ತು ಕೆಡದಂತೆ ತಲೆಯಿಂದ ಮೆಲ್ಲಗೆ ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಅದರ ಮೇಲೆಯೇ ಕಣ್ಣಿಟ್ಟುಕೊಂಡು, ಅದನ್ನು ಬಾಗಿಲ ಪಟ್ಟಿಯ ಕೆಳಗಿನಿಂದ ಬಹಳ ನಾಜೂಕಾಗಿ ಹೊರಕ್ಕೆ ದಾಟಿಸಿದೆ. ಪೇಟದ ಹಿಂದೆ ತಲೆಯೂ ಇದೆ ಎಂಬುದು ನೆನಪಿಗೆ ಬರಲಿಲ್ಲ. ಆಯುಷ್ಯವೆಲ್ಲ ತಗ್ಗಿಸಿದ ತಲೆಯನ್ನು ನಾನು ಎತ್ತಿ ನಡೆದದ್ದು ಅದೊಂದು ಗಳಿಗೆ, ಆ ಗಳಿಗೆಯಲ್ಲೇ ಬಾಗಿಲಪಟ್ಟಿ ಹಣೆಗೆ ಬಡಿದು, ಹಿಂದಕ್ಕೆ ಮಲಗಿದೆ. ಬಿದ್ದಾಗಲೂ ಕೈ ಮಾತ್ರ ಪೇಟವನ್ನು ಮೇಲಕ್ಕೆ ಹಿಡಿದಿತ್ತಂತೆ. ಕಣ್ಣು ಬಿಟ್ಟಾಗ ಮೊದಲು ಕಿವಿಗೆ ಬಿದ್ದದ್ದು ಗೌಡರು ತಮ್ಮ ಆಳನ್ನು ಕೇಳುತ್ತಿದ್ದ ಮಾತು: "ಲೇ, ಪೇಟಕ್ಕೇನಾರಾ ಆಯ್ತೇನ್ಲಾ?" ಪೇಟಕ್ಕೆ ಏನೂ ಆಗಿರಲಿಲ್ಲ.

ಮನೆಗೆ ಗಾಡಿಯಲ್ಲಿ ತಂದು ಮಲಗಿಸಿದರು. ಎರಡು ಸಲ ವಾಂತಿಯಾಯಿತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕಣ್ಣಿಗೆ ದೀಪ ಹಿಡಿದು ನೋಡಿ, ಮೂಳೆ ಮುರಿದಿಲ್ಲ, ಮಿದುಳು ಅಲುಗಿದೆ, ಮಲಗಿರಿ, ತಾನೇ ಸರಿಹೋಗುತ್ತದೆ ಎಂದರು. ಹದಿನೈದು ದಿನದಲ್ಲಿ ಹಣೆಯ ಮೇಲೆ ಊದಿ ಎದ್ದಿದ್ದ ಬೋರೆ ಇಳಿಯಿತು, ಊರಿನವರು ನೋಡಲು ಬರುವುದನ್ನು ನಿಲ್ಲಿಸಿದರು, ನಾನೂ ಗುಣವಾಯಿತೆಂದೇ ತಿಳಿದು ಅಗ್ಗಿಷ್ಟಿಕೆಯ ಮುಂದೆ ಕೂತೆ. ತಲೆ ತಗ್ಗಿಸಿದೊಡನೆ ನೆಲ ಒಂದು ಕಡೆಗೆ ವಾಲಿತು. ಕತ್ತಿನ ಬುಡದಿಂದ ಒಂದು ನೋವು ಹೊರಟು ತಲೆಯ ಹಿಂಬದಿಯನ್ನು ಬಳಸಿ ಕಣ್ಣಿನ ಮೇಲೆ ಬಂದು ಕೂತಿತು. ಪಕ್ಕದ ಮನೆಯ ಕಮ್ಮಾರನ ಸುತ್ತಿಗೆ, ಹುಟ್ಟಿದಾಗಿನಿಂದ ನಾನು ಕೇಳಿಕೊಂಡು ಬೆಳೆದ ಸದ್ದು, ಒಂದೊಂದು ಪೆಟ್ಟೂ ನನ್ನ ನೆತ್ತಿಗೇ ಬೀಳತೊಡಗಿತು. ದೀಪದ ಬೆಳಕು ಚುಚ್ಚುತ್ತಿತ್ತು, ನಕ್ಕರೆ ತಲೆ ಸಿಡಿಯುತ್ತಿತ್ತು, ಎದುರಿಗಿರುವ ಚಿಮಟದ ಹೆಸರು ನಾಲಿಗೆಗೆ ಬರದೆ 'ಅದು, ಅದು' ಎಂದು ಕೈ ತೋರಿಸುತ್ತಿದ್ದೆ. ಊದುಗೊಳವೆ ಹಿಡಿದು ಬೆಸುಗೆಗೆಂದು ಊದಿದರೆ ಕಣ್ಣಿಗೆ ಕತ್ತಲೆ. ಒಂದು ದಿನ ಹೀಗೇ ಕತ್ತಲೆ ಬಂದು ಹೋಗುವುದರೊಳಗೆ, ಯಾರದೋ ಮೂಗುಬಟ್ಟು ಜ್ವಾಲೆಯಲ್ಲಿ ಕರಗಿ ಉಂಡೆಯಾಗಿ ಕೂತಿತ್ತು. ಅಂದಿನಿಂದ ಬೆಸುಗೆಯ ಕೆಲಸವನ್ನೇ ಬಿಟ್ಟು, ಕಾಲುಂಗುರ ಬಿಗಿಸುವುದು, ಬೆಳ್ಳಿ ತೊಳೆಯುವುದು, ಇಷ್ಟಕ್ಕೇ ನಿಂತೆ. ಹೆದರಿದ್ದೆ ಎಂದು ನೇರವಾಗಿಯೇ ಹೇಳಿಬಿಡುತ್ತೇನೆ. ಬೆಸೆಯಲಾರದ ಅಕ್ಕಸಾಲಿ ಯಾವ ಅಕ್ಕಸಾಲಿ?

ಇಂಥ ಹೊತ್ತಿನಲ್ಲಿ ಊರು ಸುಮ್ಮನಿರುವುದಿಲ್ಲವಲ್ಲ. ಕತ್ತು ಉಳುಕಿದರೆ ದಿಂಬನ್ನು ಬಿಸಿಲಿಗಿಡಬೇಕೆಂಬುದು ನಮ್ಮಲ್ಲಿ ಮಕ್ಕಳಿಗೂ ತಿಳಿದ ವೈದ್ಯ. ಕಾಳಮ್ಮ ದಿನವೂ ನನ್ನ ದಿಂಬನ್ನು ಹಿತ್ತಿಲ ಕಲ್ಲಿನ ಮೇಲೆ ಕಾಯಿಸಿದಳು. ದಿಂಬು ಬಹಳ ಆರೋಗ್ಯವಾಯಿತು. ಕ್ಷೌರದ ಸಣ್ಣಯ್ಯನಿಗೆ ನನ್ನ ಮೇಲೆ ಪ್ರೀತಿ, ತನ್ನ ಕೈಯ ಮೇಲೆ ಅದಕ್ಕಿಂತ ಹೆಚ್ಚು ಪ್ರೀತಿ. "ಒಂದ್ ನೆಟಿಕೆ ತೆಗುದ್ಬುಟ್ರೆ ಎಲ್ಲಾ ಸರೋಯ್ತದೆ ಕಣ್ ಸ್ವಾಮಿ, ನೀವ್ ಸುಮ್ಕಿರಿ" ಎಂದು, ನಾನು ಸುಮ್ಮನಿರುವುದಕ್ಕೆ ಮೊದಲೇ ಗದ್ದಕ್ಕೂ ನೆತ್ತಿಗೂ ಕೈ ಹಾಕಿ ಒಮ್ಮೆ ತಿರುವಿದ. ನೆಟಿಕೆಯೇನೋ ಬೀದಿಯ ಆ ಕೊನೆಗೆ ಕೇಳುವಂತೆ ಬಂತು. ಮೂರು ದಿನ ನನಗೆ ಎದುರಿನ ಗೋಡೆಯನ್ನು ಬಿಟ್ಟು ಬೇರೇನನ್ನೂ ನೋಡಲಾಗಲಿಲ್ಲ. ನಾಲ್ಕನೆಯ ದಿನ ಅವನೇ ಬಂದು, ಇನ್ನೊಂದು ಉಳಿದಿದೆ, ತೆಗೆಯಲೇ ಎಂದಾಗ ಕಾಳಮ್ಮ ಒನಕೆಯ ಕಡೆ ಒಮ್ಮೆ ನೋಡಿದಳು. ಸಣ್ಣಯ್ಯ ಬುದ್ಧಿವಂತ, ಹೊರಟುಹೋದ.

ಈ ನಡುವೆ ಅರಿಶಿನದ ಕೊಂಬು ಅವಳ ಕೊರಳಲ್ಲೇ ಇತ್ತು. ಯುಗಾದಿ ಬಂದಾಗಲೂ ಇತ್ತು, ವೈಶಾಖದ ಮದುವೆಗಳು ಮುಗಿದಾಗಲೂ ಇತ್ತು. ದಾರ ಎರಡು ಸಲ ಬದಲಾಯಿತು, ಕೊಂಬು ಅದೇ. ತಾಲ್ಲೂಕಿನ ಅರ್ಧ ಹೆಂಗಸರಿಗೆ ತಾಳಿ ಮಾಡಿಕೊಟ್ಟವನ ಹೆಂಡತಿ ಕೊಂಬು ಕಟ್ಟಿಕೊಂಡು ಬಾವಿಗೆ ಹೋಗುತ್ತಿದ್ದಳು. ಬಾವಿಕಟ್ಟೆಯಲ್ಲಿ ಏನೇನು ಮಾತು ಬಂತೋ ಅವಳು ನನಗೆ ಹೇಳಲಿಲ್ಲ. ಒಂದು ದಿನ ಹೊಣಕೆರೆಯಿಂದ ನನ್ನ ಷಡ್ಡಕ, ಅವನೂ ಅಕ್ಕಸಾಲಿಯೇ, ಒಳ್ಳೆಯ ಕೈಯವನು, ನೋಡಲು ಬಂದವನು ಕೊಂಬನ್ನು ಕಂಡು, "ಕೊಡಿ ಇತ್ಲಾಗೆ, ಎಲೆ ಅಡ್ಕೆ ಆಕೋ ಒತ್ಗೆ ಬೆಸುದ್ಕೊಟ್ಬುಡ್ತೀನಿ" ಎಂದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. ನಾನೇ ಎದ್ದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತಾಳಿಯನ್ನು ತಂದು ಅವನ ಮುಂದಿಟ್ಟೆ. ಕಾಳಮ್ಮ ಒಳಗಿನಿಂದ ಬಂದವಳೇ ತಾಳಿಯನ್ನು ಎತ್ತಿಕೊಂಡಳು. "ಬ್ಯಾರೆ ಕೈಲಿ ಬೆಸುಸ್ಕಂಡ್ರೆ, ಇವ್ರ ಕೈ ಇನ್ನು ಏಳಾಕಿಲ್ಲ ಅಂತ ನಾನೇ ಒಪ್ಕಂಡಂಗಾಯ್ತದೆ. ನಾನ್ ಒಪ್ಪಾಕಿಲ್ಲ. ಕೊಂಬೇನ್ ನಂಗೆ ಭಾರವಾ?" ಎಂದು ಒಳಗೆ ಹೋದಳು. ಷಡ್ಡಕ ಎಲೆಗೆ ಸುಣ್ಣ ಹಚ್ಚುವುದರಲ್ಲಿ ಮಗ್ನನಾದ. ನನಗೆ ಆ ಗಳಿಗೆಯಲ್ಲಿ ನಾಚಿಕೆ, ಸಿಟ್ಟು, ಪ್ರೀತಿ ಮೂರೂ ಒಟ್ಟಿಗೆ ಬಂದವು. ಮೂರರಲ್ಲಿ ಪ್ರೀತಿಯೇ ಹೆಚ್ಚಾಗಿತ್ತೆಂದು ಈಗ ಅನ್ನಿಸುತ್ತದೆ.

ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಅವಳ ಅಣ್ಣನ ಮನೆ. ಅಲ್ಲಿ ಬುಡನ್ ಸಾಬ್ ಎಂಬ ಗರಡಿಯ ಉಸ್ತಾದರೊಬ್ಬರು ಪೈಲ್ವಾನರ ಕತ್ತು ನೋಡುತ್ತಾರೆಂದು ಯಾರೋ ಹೇಳಿದ್ದು ಅವಳ ಕಿವಿಗೆ ಬಿದ್ದು, ಜ್ಯೇಷ್ಠದಲ್ಲಿ ನನ್ನನ್ನು ಹೊರಡಿಸಿದಳು. ಮೋಟಾರು ಬಸ್ಸಿನಲ್ಲಿ ಹೋದೆವು. ಹಿರೋಡೆಯ ಕಡೆ ಆಗ ನಾಲೆ ಅಗೆಯುವ ಕೆಲಸ ನಡೆದು ರಸ್ತೆಯೆಲ್ಲ ಗುಂಡಿ. ಒಂದೊಂದು ಗುಂಡಿಗೂ ನನ್ನ ತಲೆ ಬೇರೆ, ನಾನು ಬೇರೆ ಆಗುತ್ತಿದ್ದೆವು. ಎರಡು ಅಂಗೈಯಲ್ಲಿ ಕೆನ್ನೆ ಹಿಡಿದುಕೊಂಡು ಕೂತೆ. ಮುಂದಿನ ಸೀಟಿನ ರೈತನೊಬ್ಬ ಹಿಂತಿರುಗಿ ನೋಡಿ, "ಅಲ್ ನೋವಾ ಯಜಮಾನ್ರೇ? ಲವಂಗ ಕಚ್ಕಳಿ" ಎಂದು ತನ್ನ ಸಂಚಿಯಿಂದ ಕೊಟ್ಟ. ವಿವರಿಸಲು ತ್ರಾಣವಿಲ್ಲದೆ ಹಿರೋಡೆಯಿಂದ ಶ್ರೀರಂಗಪಟ್ಟಣದ ತನಕ ಲವಂಗ ಕಚ್ಚಿಕೊಂಡೇ ಹೋದೆ.

ಬುಡನ್ ಸಾಬರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಕತ್ತೆಂಬುದೇ ಅವರಿಗೆ ಇರಲಿಲ್ಲ. ಭುಜದ ಮೇಲೆ ನೇರವಾಗಿ ತಲೆಯನ್ನು ಕೂರಿಸಿದ್ದಂತಿತ್ತು. ಗರಡಿಯ ಮುಂದಿನ ಬೇವಿನ ನೆರಳಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿ, ನಡೆದದ್ದನ್ನೆಲ್ಲ ಕೇಳಿದರು. ಪೇಟದ ಪ್ರಸಂಗ ಬಂದಾಗ ಮಾತ್ರ ಮುಖ ಆ ಕಡೆ ತಿರುಗಿಸಿಕೊಂಡು ಒಂದೆರಡು ಸಲ ಕೆಮ್ಮಿದರು. ಆಮೇಲೆ ಎದುರಿಗೆ ಕೂತು, "ಕಣ್ಮುಚ್ಕೊ ಭಾಯಿ. ಕತ್ತ ಎಡಗಡೀಕೆ ತಿರುಗ್ಸು. ಈಗ ವಾಪಸ್ಸು ತಂದು ನನ್ ಮೂಗಿಗೆ ಸರ್ಯಾಗಿ ನಿಲ್ಸು" ಎಂದರು. ತಿರುಗಿಸಿದೆ, ತಂದು ನಿಲ್ಲಿಸಿದೆ, ಸರಿಯಾಗಿದೆ ಎಂಬ ಪೂರ್ಣ ವಿಶ್ವಾಸದಿಂದ ಕಣ್ಣು ಬಿಟ್ಟೆ. ಎದುರಿಗೆ, ಬೇವಿನ ಬುಡಕ್ಕೆ ಕಟ್ಟಿದ್ದ ಒಂದು ಮೇಕೆ ನನ್ನನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು. ಪಕ್ಕದಿಂದ ಉಸ್ತಾದರ ಧ್ವನಿ ಬಂತು: "ಯಾ ಅಲ್ಲಾ, ನಾನೇನಾರಾ ಆ ಮೇಕೆಯಂಗ್ ಕಾಣ್ತೀನಾ?" ಬಲಕ್ಕೆ ತಿರುಗಿಸಿ ತಂದಾಗ ಬಾವಿಯ ರಾಟೆ ಸಿಕ್ಕಿತು. ಕಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನನ್ನ ತಲೆ ಎಲ್ಲಿದೆಯೆಂಬುದು ನನಗೇ ತಿಳಿಯದೆ ನಾಲ್ಕು ತಿಂಗಳಾಗಿತ್ತೆಂದು ಅಲ್ಲಿ ತಿಳಿಯಿತು.

"ಏಟು ಬಿದ್ದಿದ್ದು ತಲೆಗೆ, ಎದ್ರಿಕಂಡಿದ್ದು ಕತ್ತು" ಎಂದರು ಉಸ್ತಾದರು. "ತಲೆ ಮರ್ತ್‌ಬುಟ್ಟದೆ, ಕತ್ತು ಇನ್ನೂವೆ ಮರ್ತಿಲ್ಲ. ಇನ್ನೊಂದ್ ಏಟು ಬತ್ತದೆ ಅಂತ ಬಿಗ್ಯಾಗಿ ಇಡ್ಕಂಡು ಕುಂತದೆ." ಸಣ್ಣಯ್ಯನ ನೆಟಿಕೆಯ ಸುದ್ದಿ ಹೇಳಿದಾಗ ಅವರಿಗೆ ನಿಜವಾಗಿಯೂ ಸಿಟ್ಟು ಬಂತು. "ತಿರುಚಾಕೆ ಇದೇನು ಒದ್ದೆ ಪಂಚೆನಾ? ಎದ್ರಿದ್ ಎಮ್ಮೇನ ಯಾರಾರಾ ಒಡುದು ಕರ್ಕಂಡ್ ಬತ್ತಾರಾ? ಪಕ್ಕದಾಗ್ ನಿಂತ್ಕಂಡು ಬೆನ್ ಸವರ್ಬೇಕು." ಎಂಟು ದಿನ ಅವರು ಮಾಡಿದ್ದು ಅಷ್ಟೇ. ಬಿಸಿ ಮರಳಿನ ಗಂಟಿನಿಂದ ಕಾವು ಕೊಟ್ಟು, ಉಗುರುಬೆಚ್ಚಗಿನ ಹರಳೆಣ್ಣೆಯಲ್ಲಿ ಅದ್ದಿದ ಹೆಬ್ಬೆರಳನ್ನು ತಲೆಬುರುಡೆಯ ಕೆಳಗಿನ ಗುಳಿಗಳಲ್ಲಿ ಇಟ್ಟು, ಒತ್ತದೆ, ತಿರುಚದೆ, ಕಾಯುತ್ತ ಕೂರುತ್ತಿದ್ದರು. ಮಲ್ಲಯುದ್ಧದಲ್ಲಿ ಎಷ್ಟೋ ಜನರನ್ನು ಎತ್ತಿ ಒಗೆದ ಆ ಬೆರಳು ಅಷ್ಟು ಹಗುರವಾಗಿರಬಲ್ಲುದೆಂದು ನಾನು ತಿಳಿದಿರಲಿಲ್ಲ. ಐದನೆಯ ದಿನ ಆ ಬೆರಳಿನ ಕೆಳಗೆ ಏನೋ ಒಂದು ಸಡಿಲಿತು. ನನ್ನ ಕಣ್ಣಿನಲ್ಲಿ ನೀರು ಬಂತು, ನೋವಿನಿಂದಲ್ಲ.

ಹೊರಡುವ ದಿನ ಅವರು ಕಾಳಮ್ಮನ ಕೊರಳಿನ ಕೊಂಬನ್ನು ನೋಡಿ ವಿಚಾರಿಸಿದರು. ಅವಳು ಹೇಳಿದಳು. ಉಸ್ತಾದರು ಮತ್ತೆ ಕೊಂಬಿನ ಕಡೆ ನೋಡಿ, "ನನ್ ಬೆಳ್ಳು ಅರ್ಧ ಕೆಲ್ಸ ಮಾಡ್ಯದೆ ತಾಯಿ, ಮಿಕ್ಕಿದ್ದು ನಿನ್ ಸಿಂಬಿ ಮಾಡ್ಬೇಕು" ಎಂದರು. ವಿಧಿ ಇಷ್ಟು: ದಿನವೂ ಬೆಳಿಗ್ಗೆ ನಾನು ತಲೆಯ ಮೇಲೆ ಸಿಂಬಿ ಇಟ್ಟು, ಸಿಂಬಿಯ ಮೇಲೆ ಬರಿಯ ಮಡಕೆ ಇಟ್ಟು, ಕೈ ಬಿಟ್ಟು, ಮನೆಯಿಂದ ಬಾವಿಗೆ, ಬಾವಿಯಿಂದ ಮನೆಗೆ ನಡೆಯಬೇಕು. ತಲೆ ತಿರುಗಿದ ದಿನ ನಿಲ್ಲಬೇಕು. ತಿರುಗದೆ ಹೋದರೆ ವಾರಕ್ಕೊಮ್ಮೆ ಬೊಗಸೆ ಬೊಗಸೆಯಾಗಿ ನೀರು ಹೆಚ್ಚಿಸಬೇಕು. ನಾನು ಮೆಲ್ಲಗೆ, ನಮ್ಮ ಊರಲ್ಲಿ ಗಂಡಸರು ಹುಲ್ಲು ಹೊರುತ್ತಾರೆ, ಗೊಬ್ಬರ ಹೊರುತ್ತಾರೆ, ಸಿಂಬಿಯ ಮೇಲೆ ನೀರು ಹೊರುವುದಿಲ್ಲ ಎಂದೆ. "ಅಂಗಾರೆ ಗಂಡಸ್ರ ಕತ್ತು ಇಂಗೇ ಇರ್ತದೆ" ಎಂದು ಅವರು ಎಣ್ಣೆಯ ಕೈ ಒರೆಸಿಕೊಂಡರು.

ಊರಿಗೆ ಬಂದ ಮೇಲೆ ಕಾಳಮ್ಮ ಎರಡು ದಿನ ಒಳಕೋಣೆಯಲ್ಲಿ ಕೂತು ನನಗೆಂದೇ ಹೊಸ ಸಿಂಬಿ ಸುತ್ತಿದಳು, ತನ್ನದಕ್ಕಿಂತ ಅಗಲ, ದಪ್ಪ, ಮೇಲೆ ಕೆಂಪು ಬಟ್ಟೆ. ಮೊದಲನೆಯ ದಿನ ಹೊಸ್ತಿಲ ಹೊರಗೆ ಮೊದಲ ಹೆಜ್ಜೆಗೇ ಮಡಕೆ ಬಿತ್ತು. ಎರಡನೆಯ ದಿನ ಜಗಲಿಯ ಅಂಚಿನವರೆಗೆ ಹೋಯಿತು. ಮೂರನೆಯ ದಿನ ಬೀದಿಯ ನಡುವೆ, ನೋಡಲು ಜನ ಸಾಕಷ್ಟು ನೆರೆದ ಮೇಲೆ ಬಿತ್ತು. ಕುಂಬಾರರ ಮನೆಯವರು ನನ್ನನ್ನು ಕಂಡಾಗಲೆಲ್ಲ ಎದ್ದು ನಿಲ್ಲತೊಡಗಿದರು. ನಾನು ಮಡಕೆ ಎಲ್ಲಿ ಬೀಳುವುದೋ ಎಂದು ಕಣ್ಣನ್ನು ಮೇಲಕ್ಕೆ ಎಳೆದು ಎಳೆದು ನೋಡುತ್ತಿದ್ದೆ. ಹಿಂದೆ ತನ್ನ ಕೊಡ ಹೊತ್ತು ಬರುತ್ತಿದ್ದ ಕಾಳಮ್ಮ ಅದನ್ನು ಹಿಂದಿನಿಂದಲೇ ಕಂಡುಹಿಡಿದಳು. "ಕೊಡ ನೋಡಕ್ಕೋಗ್ಬ್ಯಾಡಿ, ದಾರಿ ನೋಡಿ. ಕೊಡ ಅದ್ರ ಪಾಡ್ಗೆ ಅದು ಬತ್ತದೆ." ಪೇಟ ನೋಡಿ ಕೆಟ್ಟವನಿಗೆ ಇದಕ್ಕಿಂತ ನೇರವಾದ ಉಪದೇಶ ಯಾವುದಿದೆ? ಅವತ್ತಿನಿಂದ ದಾರಿ ನೋಡಿದೆ. ಬಾವಿಕಟ್ಟೆಯಲ್ಲಿ ಮೊದಲು, "ಆಚಾರ್ರು ನೀರ್ಗೆ ಬಂದವ್ರೆ, ದಾರಿ ಬುಡ್ರೇ!" ಎಂದು ನಗೆಯೆದ್ದಿತು. ತಿಂಗಳು ಕಳೆಯುವುದರೊಳಗೆ ಅದೇ ಹೆಂಗಸರು, ಸೊಂಟ ಬಿಗಿ ಆಯಿತು, ಹಿಮ್ಮಡಿ ಮೊದಲು ಊರಿ ಎಂದು ನನ್ನ ನಡಿಗೆಯನ್ನು ತಿದ್ದುವವರಾದರು.

ಮಿತ್ರರೇ, ತಲೆಯ ಮೇಲೆ ಕೊಡವಿಟ್ಟುಕೊಂಡು ನಡೆಯುವಾಗ ಮನುಷ್ಯನಿಗೆ ಯೋಚನೆ ಬಹಳ ಚೆನ್ನಾಗಿ ಬರುತ್ತದೆ. ಆ ಕಡೆ ಈ ಕಡೆ ನೋಡುವಂತಿಲ್ಲ, ಮಾತಿಗೆ ನಿಲ್ಲುವಂತಿಲ್ಲ, ಅವಸರ ಮಾಡುವಂತಿಲ್ಲ. ನಾವು ತಲೆಯೆತ್ತಿ ಬಾಳಿದ ಎಂದು ಹೊಗಳುತ್ತೇವೆ, ತಲೆತಗ್ಗಿಸುವಂತೆ ಮಾಡಿದ ಎಂದು ಬೈಯುತ್ತೇವೆ. ಎತ್ತಿದ್ದೂ ಕತ್ತು, ತಗ್ಗಿಸಿದ್ದೂ ಕತ್ತು, ಹೆಸರು ಮಾತ್ರ ತಲೆಗೆ. ಕಿರೀಟ ತಲೆಗೆ, ಅದರ ಭಾರ ಕತ್ತಿಗೆ. ಗೋವಿಂದನಹಳ್ಳಿಯ ಪಂಚಲಿಂಗೇಶ್ವರನ ಗುಡಿಯಲ್ಲಿ ನಮ್ಮ ಪೂರ್ವಿಕರು ಕಡೆದ ಕಲ್ಲಿನ ಮೂರ್ತಿಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕಿರೀಟದ ಕುಸುರಿ, ಕಂಠಿಯ ಮಣಿ, ಪದಕದ ಹೂವು ಎಂದು ಬೆರಗಾಗಿದ್ದೇನೆ. ಅಷ್ಟು ಭಾರದ ಒಡವೆ ಹೊತ್ತೂ ಆ ಕತ್ತುಗಳು ಯಾವ ಬಿಗಿಯೂ ಇಲ್ಲದೆ ಕೊಂಚ ವಾಲಿ ನಿಂತಿರುವುದು ಈಗ ಕಣ್ಣಿಗೆ ಬೀಳುತ್ತದೆ. ಕಡೆದವನಿಗೆ ಅದು ತಿಳಿದಿತ್ತು. ಅವನು ಬಹುಶಃ ತನ್ನ ಹೆಂಡತಿ ನೀರು ತರುವುದನ್ನು ನೋಡಿದ್ದನು. ನಾನು ಇಪ್ಪತ್ತು ವರ್ಷ ಸಂಸಾರ ಮಾಡಿಯೂ ನೋಡಿರಲಿಲ್ಲ. ಮನೆಗೆ ನೀರು ಇರುತ್ತದೆ ಎಂದು ತಿಳಿದಿದ್ದೆ; ಅದು ಒಂದು ಕತ್ತಿನ ಮೇಲೆ ಬರುತ್ತದೆ ಎಂಬುದು ನನ್ನ ಕತ್ತು ಕೆಟ್ಟ ಮೇಲೆ ತಿಳಿಯಿತು.

ಶ್ರಾವಣ ಕಳೆಯಿತು. ಮಡಕೆಯಲ್ಲಿ ನೀರು ಕಾಲು ಭಾಗಕ್ಕೆ ಏರಿತು, ಅರ್ಧಕ್ಕೆ ಏರಿತು. ಕಮ್ಮಾರನ ಸುತ್ತಿಗೆ ಮತ್ತೆ ಅವನ ಅಂಗಳಕ್ಕೇ ಹಿಂತಿರುಗಿತು. ಚಿಮಟಕ್ಕೆ ಚಿಮಟವೆಂದು ಹೆಸರು ಬಂತು. ನಡುವೆ ಒಮ್ಮೆ ಹೊಣಕೆರೆಯಲ್ಲಿ ಷಡ್ಡಕನ ಮನೆಯ ಗೃಹಪ್ರವೇಶಕ್ಕೆ ಹೊರಟಾಗ ಪೇಟದ ನೆನಪಾಗಿ ಪೆಟ್ಟಿಗೆಯನ್ನೆಲ್ಲ ತಡಕಾಡಿದೆ. "ಎಲ್ಲೋ ಅದೆ ಬುಡಿ, ಎಲ್ಲೋಯ್ತದೆ" ಎಂದು ಕಾಳಮ್ಮ ಹಳೆಯ ರುಮಾಲನ್ನೇ ಕೈಗಿಟ್ಟಳು.

ದೀಪಾವಳಿಗೆ ವಾರ ಮುಂಚೆ, ತುಂಬಿದ ಕೊಡವನ್ನು ಒಂದು ಹನಿ ಚೆಲ್ಲದೆ ತಂದು ಇಳಿಸಿದ ಬೆಳಿಗ್ಗೆ, ಕೈಕಾಲು ತೊಳೆದು ಅಗ್ಗಿಷ್ಟಿಕೆಗೆ ಇದ್ದಲು ಹಾಕಿದೆ. ಕಾಳಮ್ಮ ತಾಳಿಯನ್ನು ತಂದು ನನ್ನ ಮುಂದಿಟ್ಟು ಎದುರಿಗೆ ಕೂತಳು. ಮೊದಲು ಕಣ್ಣು ಮುಚ್ಚಿ ಕತ್ತನ್ನು ಎಡಕ್ಕೆ ತಿರುಗಿಸಿ ತಂದು ನಿಲ್ಲಿಸಿದೆ, ಕಣ್ಣು ಬಿಟ್ಟೆ. ನೇರ ಎದುರಿಗೆ ಅವಳ ಕೊರಳಿನ ಅರಿಶಿನದ ಕೊಂಬಿತ್ತು. ತಾಳಿಯನ್ನು ಇದ್ದಲಿನ ಮೇಲೆ ಕೂರಿಸಿ, ಹೊಸ ಕೊಂಡಿ ಹೊಂದಿಸಿ, ಬೆಸುಗೆ ಹರಿಯಲೆಂದು ಬಿಳಿಗಾರ ಸವರಿ, ಬೆಸುಗೆಯ ಚೂರನ್ನು ಇಟ್ಟೆ. ದೀಪ ಹತ್ತಿರಕ್ಕೆ ಎಳೆದುಕೊಂಡು, ಊದುಗೊಳವೆಯನ್ನು ತುಟಿಗಿಟ್ಟು, ಗದ್ದವನ್ನು ಎದೆಗೆ ತಂದೆ. ಜ್ವಾಲೆ ಬಾಗಿ ತಾಳಿಯ ಮೇಲೆ ಹರಿಯಿತು. ಚಿನ್ನ ಮಂದವಾಗಿ ಕೆಂಪಾಗುವ ಹೊತ್ತಿಗೆ ಕತ್ತಿನ ಬುಡದಲ್ಲಿ ಆ ಹಳೆಯ ಬಿಗಿ ಎದ್ದು ಬಂತು. ಮೂಗುಬಟ್ಟು ಕರಗಿದ್ದು ನೆನಪಾಯಿತು. ಇದು ಮೂಗುಬಟ್ಟಲ್ಲ; ಕರಗಿದರೆ ನಾನು ಮತ್ತೆ ಇಲ್ಲಿ ಕೂರುವವನಲ್ಲ ಎಂಬುದು ನನಗೂ ಅವಳಿಗೂ ಗೊತ್ತಿತ್ತು. ಉಸಿರು ಅಲುಗಿತು, ಜ್ವಾಲೆ ಅಲುಗಿತು.

"ದಾರಿ ನೋಡಿ" ಎಂದಳು ಕಾಳಮ್ಮ, ಮೆಲ್ಲಗೆ, ಬಾವಿಯ ದಾರಿಯಲ್ಲಿ ಹೇಳುವ ಹಾಗೆಯೇ.

ಭುಜ ಇಳಿಯಿತು. ಕತ್ತು ಬಾಗಿಯೇ ಇತ್ತು, ಆದರೆ ಬಿಗಿ ಬಿಟ್ಟಿತು. ಕೆನ್ನೆಯಲ್ಲಿ ಗಾಳಿ ನಿಂತಿತು, ಜ್ವಾಲೆ ನೆಟ್ಟಗಾಯಿತು, ಬೆಸುಗೆಯ ಚೂರು ಒಮ್ಮೆ ಮಿಂಚಿ ನೀರಾಗಿ ಕೊಂಡಿಯ ಸಂದಿಗೆ ಹರಿದು ಕೂತಿತು. ಊದುಗೊಳವೆ ಕೆಳಗಿಟ್ಟೆ. ನೆಲ ವಾಲಲಿಲ್ಲ. ತಾಳಿಯನ್ನು ನೀರಿಗೆ ಹಾಕಿದಾಗ ಚುಂಯ್ ಎಂದ ಸದ್ದನ್ನು ನಾವಿಬ್ಬರೂ ಕೇಳಿದೆವು. ಅವಳ ಕೊರಳಿಗೆ ನಾನೇ ಕಟ್ಟಿದೆ. ಕೊಂಬನ್ನು ಬಿಚ್ಚಿ, ಅವಳು ಅದನ್ನು ಸಾಣೆಕಲ್ಲಿನ ಮೇಲೆ ತೇಯ್ದು ಕೆನ್ನೆಗೆ ಹಚ್ಚಿಕೊಂಡಳು. ಬೆರಳಲ್ಲಿ ಉಳಿದದ್ದನ್ನು ಹಿಂದಿನಿಂದ ಬಂದು ನನ್ನ ಕತ್ತಿಗೆ ಸವರಿದಳು. ಎಂಟು ತಿಂಗಳು ಅವಳ ಮಾನ ಕಾದ ಕೊಂಬು ಅದು.

ನನಗೆ ಸಂತೋಷ ಹೆಚ್ಚಾಯಿತು. ಸಂತೋಷ ಹೆಚ್ಚಾದಾಗ ನನಗೆ ಏನಾಗುತ್ತದೆಂದು ನಿಮಗೆ ಗೊತ್ತಿದೆ. ಗುಡಿಗೆ ಹೋಗಿಬರೋಣ, ಗೌಡರು ಕೊಟ್ಟ ಪೇಟವನ್ನು ಇವತ್ತಾದರೂ ಸುತ್ತಿಕೊಳ್ಳುತ್ತೇನೆ, ಎಲ್ಲಿಟ್ಟಿದ್ದೀಯೆ, ತೆಗೆ ಎಂದೆ. ಕಾಳಮ್ಮ ಗೂಟದ ಕಡೆ ನೋಡಿದಳು. ನಾನೂ ನೋಡಿದೆ. ಗೂಟದಲ್ಲಿ ಸಿಂಬಿಯನ್ನು ಬಿಟ್ಟು ಬೇರೇನೂ ಇರಲಿಲ್ಲ.

"ಅದ್ರೊಳ್ಗೇ ಅದೆ" ಎಂದಳು. "ನಿಮ್ ತಲೆಗೆ ಅಂತ್ಲೇ ಕೊಟ್ಟಿದ್ದಲ್ವಾ, ತಲೆ ಮ್ಯಾಲೇ ಮಡ್ಗಿವ್ನಿ. ಮೆತ್ಗಿತ್ತು."

ಒಂದು ಗಳಿಗೆ ನನಗೆ ಸಿಟ್ಟು ಬಂತು. ಹಿಡಿ ಅಗಲದ ಜರಿ, ಹೊಂಬಣ್ಣದ ಸೆರಗು! ಮರುಗಳಿಗೆಯಲ್ಲಿ, ಬಾಗಿಲಪಟ್ಟಿಯಿಂದ ಉಳಿಸಲು ನಾನು ತಲೆಯನ್ನೇ ಒಡ್ಡಿದ ಪೇಟ ನಾಲ್ಕು ತಿಂಗಳಿಂದ ದಿನವೂ ನನ್ನ ನೆತ್ತಿಯ ಮೇಲೆ, ಮಡಕೆಯ ಬುಡದಲ್ಲಿ ನಲುಗುತ್ತ ಬಾವಿಗೆ ಹೋಗಿಬರುತ್ತಿದ್ದದ್ದು ಕಣ್ಣಿಗೆ ಕಟ್ಟಿ, ನಗತೊಡಗಿದೆ. ಕಾಳಮ್ಮನೂ ನಕ್ಕಳು. ಕಮ್ಮಾರ ಸುತ್ತಿಗೆ ನಿಲ್ಲಿಸಿ ಇಣುಕಿ ನೋಡುವಷ್ಟು ನಕ್ಕೆವು. ಬಹಳ ಹೊತ್ತಾದ ಮೇಲೆ, ಕಣ್ಣೊರೆಸಿಕೊಳ್ಳುವಾಗ, ನನ್ನ ತಲೆ ನೋಯುತ್ತಿಲ್ಲ ಎಂಬುದು ನನ್ನ ಗಮನಕ್ಕೆ ಬಂತು.

ಇದಾಗಿ ಕೆಲವು ವರ್ಷ ಕಳೆದಿವೆ. ಮಳೆ ಬರುವ ಮೊದಲು ಮೋಡ ಕವಿದ ದಿನ ಕತ್ತು ಒಂದಿಷ್ಟು ಮಾತಾಡುತ್ತದೆ. ಅರ್ಧ ಗಳಿಗೆಗೊಮ್ಮೆ ಕೆಲಸ ಬಿಟ್ಟು ಎದ್ದು, ದೂರದ ಮರವನ್ನು ನೋಡಿ ಬಂದು ಕೂರುತ್ತೇನೆ. ಒಂದು ಕೊಡ ನೀರನ್ನು ಈಗಲೂ ದಿನವೂ ನಾನೇ ತರುತ್ತೇನೆ. ಇದು ಔಷಧವೋ ಅಭ್ಯಾಸವೋ ಎಂದು ಕೇಳಬೇಡಿ. ಇವತ್ತು ಬೆಳಿಗ್ಗೆಯೂ ತಂದೆ. ನಮ್ಮ ಬಾಗಿಲೂ ಗಿಡ್ಡವೇ; ಹೊಸ್ತಿಲ ಹೊರಗೆ ನಿಂತೆ, ಕಾಳಮ್ಮ ಎರಡೂ ಕೈ ಎತ್ತಿ ಕೊಡವನ್ನು ಇಳಿಸಿಕೊಂಡಳು. ಕೈ ಎತ್ತಿದಾಗ ಅವಳ ತಾಳಿಯ ಕೊಂಡಿ ಕಣ್ಣಿಗೆ ಬಿತ್ತು. ನನ್ನ ಉಸಿರು ಅಲುಗಿದ ಆ ಗಳಿಗೆಯ ಗುರುತಾಗಿ ಬೆಸುಗೆ ಒಂದು ಕಡೆ ಕೊಂಚ ದಪ್ಪವಾಗಿದೆ. ಬಿಚ್ಚಿ ಕೊಡು, ಅರದಲ್ಲಿ ಎರಡು ಸಲ ಉಜ್ಜಿ ನಯ ಮಾಡಿಬಿಡುತ್ತೇನೆ ಎಂದು ಎಂದಿನಂತೆ ಹೇಳಿದೆ.

"ಸಂಜೆಗೆ ಕೊಡ್ತೀನಿ ಅಂತೀರಿ, ಗೊತ್ತದೆ ನಂಗೆ" ಎಂದು ಅವಳು ಕೊಡ ಎತ್ತಿಕೊಂಡು ಒಳಗೆ ಹೋದಳು.

ನಾನು ಬಗ್ಗಿ ಬಾಗಿಲು ದಾಟಿ, ಸಿಂಬಿಯನ್ನು ಗೂಟಕ್ಕೆ ತಗುಲಿಸಿ, ಅಗ್ಗಿಷ್ಟಿಕೆಯ ಮುಂದೆ ಕೂತು ತಲೆ ತಗ್ಗಿಸಿದೆ.